50 ಕಿ.ಮೀ. ಓಟ, 60 ದಿನಗಳ ಗಡುವು

“ಯಾರಾದ್ರೂ ಅಟ್ಟಿಸಿಕೊಂಡು ಬರ್ತಾರಾ? ಮತ್ತೆ ಎಂತಕ್ಕಾ ಓಡೋದು?”

ಆಗಸ್ಟ್‌ನ ಆ ಶನಿವಾರ ಗುಡ್ಡದಲ್ಲಿ 50 ಕಿಲೊಮೀಟರ್ ಓಡುತ್ತೇನೆ, ಇಡೀ ದಿನ ಫೋನ್ ಸಿಗುವುದಿಲ್ಲ ಎಂದು ಹೇಳಿದಾಗ ಅಮ್ಮ ಕೇಳಿದ್ದು ಇಷ್ಟೇ. ಹೊಸನಗರ ತಾಲ್ಲೂಕಿನ ನಮ್ಮ ಮನೆಯಿಂದ ಬಸ್ಸು ಹಿಡಿಯಲು ಐದು ಕಿಲೊಮೀಟರ್ ನಡೆಯುತ್ತಿದ್ದ ಕಾಲದವರು ಅವರು. ದುಡ್ಡು ಕೊಟ್ಟು, ಬೆಳಗಿನ ಜಾವ ಎದ್ದು ಹೋಗಿ, ಗುಡ್ಡ ಹತ್ತಿ ಇಳಿದು, ಹೊರಟಲ್ಲಿಗೇ ವಾಪಸ್ ಬರುವುದರಲ್ಲಿ ಏನು ಸುಖ ಎಂಬ ಅವರ ಪ್ರಶ್ನೆಗೆ ನನ್ನಲ್ಲಿ ಯಾವತ್ತೂ ಸರಿಯಾದ ಉತ್ತರ ಇರಲಿಲ್ಲ. ಆ ಸಲ ಉತ್ತರ ಇತ್ತು. ಹೇಳುವ ಧೈರ್ಯ ಇರಲಿಲ್ಲ.

ಜುಲೈ ತಿಂಗಳ ಮೊದಲ ವಾರ ನನ್ನ ಕೆಲಸ ಹೋಗಿತ್ತು. ಕೊನೆಗೆ ಬೇರೆ ಕೆಲಸ ಸಿಕ್ಕಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಈ ಪುಟ ಓದುವವರಲ್ಲಿ ಬಹಳ ಮಂದಿಗೆ ಮಗನೋ ಮಗಳೋ ಅಳಿಯನೋ ಹೊರದೇಶದಲ್ಲಿರುತ್ತಾರೆ. ಕೊನೆಯ ಸಾಲಿನವರೆಗೂ ಅವರ ಎದೆ ಹೊಡೆದುಕೊಳ್ಳುವುದು ಬೇಡ.

ಎಚ್‌-1ಬಿ ವೀಸಾದಲ್ಲಿ ಇರುವವರಿಗೆ ಕೆಲಸ ಹೋಯಿತೆಂದರೆ ಸಂಬಳ ನಿಂತಿತು ಎಂದಷ್ಟೇ ಅರ್ಥವಲ್ಲ. ಕೆಲಸದ ಕೊನೆಯ ದಿನದಿಂದ ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಬೇರೊಂದು ಕಂಪನಿ ನಮ್ಮ ಪರವಾಗಿ ಅರ್ಜಿ ಹಾಕಬೇಕು, ಇಲ್ಲವೇ ನಾವೇ ಬೇರೆ ಬಗೆಯ ವೀಸಾಕ್ಕೆ ಅರ್ಜಿ ಹಾಕಿಕೊಳ್ಳಬೇಕು. ಎರಡೂ ಆಗದಿದ್ದರೆ ಗಂಟುಮೂಟೆ ಕಟ್ಟಬೇಕು. ನನ್ನ ಜೊತೆಗೆ ಹೆಂಡತಿಯ ವೀಸಾ. ಇಲ್ಲೇ ಹುಟ್ಟಿ ನಾಲ್ಕನೇ ಕ್ಲಾಸಿಗೆ ಹೋಗಬೇಕಾಗಿದ್ದ ಮಗ. ಫ್ರೀಮಾಂಟಿನ ಬಾಡಿಗೆ ಮನೆ. ಊರಿಗೆ ಹೇಳಬಾರದು, ಕೆಲಸ ಸಿಕ್ಕಿದ ಮೇಲೆ ನಗುತ್ತಾ ಹೇಳಿದರಾಯಿತು ಎಂದು ನಾವಿಬ್ಬರೂ ತೀರ್ಮಾನಿಸಿದ್ದೆವು.

ಓಟದ ಹಣವನ್ನು ಫೆಬ್ರುವರಿಯಲ್ಲೇ ಕಟ್ಟಿಯಾಗಿತ್ತು, ಅದು ವಾಪಸ್ ಬರುವಂಥದ್ದಲ್ಲ. ಓಟದ ದಿನ ಲೆಕ್ಕ ಹಾಕಿದರೆ ನನ್ನ 39ನೇ ದಿನ. ಹೋಗುವುದಿಲ್ಲ ಎಂದೆ. “ಮನೇಲಿ ಕೂತು ಏನು ಮಾಡ್ತೀರಿ? ಶನಿವಾರ ಯಾರೂ ಇಂಟರ್‌ವ್ಯೂ ಮಾಡಲ್ಲ. ಲ್ಯಾಪ್‌ಟಾಪ್ ನೋಡ್ಕೊಂಡು ನಮ್ಮ ಮೇಲೆ ರೇಗ್ತೀರಿ ಅಷ್ಟೇ. ಹೋಗಿ ಓಡಿ” ಎಂದಳು ಹೆಂಡತಿ.

ಸೇತುವೆಯ ಆಚೆಗಿನ ಗುಡ್ಡಗಳು

ಸ್ಯಾನ್ ಫ್ರಾನ್ಸಿಸ್ಕೊಗೆ ಬಂದ ಅಪ್ಪ–ಅಮ್ಮಂದಿರನ್ನೆಲ್ಲ ನಾವು ಗೋಲ್ಡನ್ ಗೇಟ್ ಸೇತುವೆ ತೋರಿಸಲು ಕರೆದೊಯ್ಯುತ್ತೇವೆ. ಸೇತುವೆಯ ಉತ್ತರದ ತುದಿಯಲ್ಲಿ ಫೋಟೊ ತೆಗೆಸಿಕೊಂಡು ವಾಪಸಾಗುತ್ತೇವೆ. ಆ ಫೋಟೊದ ಹಿಂದೆ ಎಡಕ್ಕೆ ಕಾಣುವ ಬೋಳುಗುಡ್ಡಗಳೇ ಮರೀನ್ ಹೆಡ್‌ಲ್ಯಾಂಡ್ಸ್. ಪೆಸಿಫಿಕ್ ಸಾಗರದ ಅಂಚಿಗೇ ಎದ್ದು ನಿಂತ, 1972ರಲ್ಲಿ ರಚನೆಯಾದ ರಾಷ್ಟ್ರೀಯ ಮನರಂಜನಾ ಪ್ರದೇಶದ ಭಾಗವಾದ ಈ ಗುಡ್ಡಗಳಲ್ಲಿ ಕಾಲುದಾರಿಗಳ ದೊಡ್ಡ ಜಾಲವೇ ಇದೆ. ಒಂದು ದಾರಿಗೆ ಮಿವೊಕ್ ಎಂದು ಹೆಸರು. ಬಿಳಿಯರು ಬರುವ ಮೊದಲು ಇಲ್ಲಿ ಬದುಕಿದ್ದ ಮೂಲನಿವಾಸಿಗಳ ಹೆಸರು ಅದು.

ಎತ್ತರದ ಲೆಕ್ಕದಲ್ಲಿ ನಮ್ಮ ಕೊಡಚಾದ್ರಿಯ ಮುಂದೆ ಇವು ಏನೂ ಅಲ್ಲ. ಆದರೆ ಕೊಡಚಾದ್ರಿಯನ್ನು ಒಂದು ಸಲ ಹತ್ತಿ ಒಂದು ಸಲ ಇಳಿದರೆ ಮುಗಿಯಿತು. ಇಲ್ಲಿ ಗುಡ್ಡದ ತಲೆಯಿಂದ ಕಡಲಿನ ಮಟ್ಟಕ್ಕೆ ಇಳಿಸುತ್ತಾರೆ, ಮತ್ತೆ ಹತ್ತಿಸುತ್ತಾರೆ, ಮತ್ತೆ ಇಳಿಸುತ್ತಾರೆ. 50 ಕಿಲೊಮೀಟರ್ ಮುಗಿಯುವಷ್ಟರಲ್ಲಿ ಏರಿದ್ದನ್ನೆಲ್ಲ ಕೂಡಿಸಿದರೆ ಸುಮಾರು 2,000 ಮೀಟರ್ ಆಗುತ್ತದೆ.

ಬೇ ಏರಿಯಾದಲ್ಲಿ ಓಡುವ ಭಾರತೀಯರ ಸಂಖ್ಯೆ ಸಣ್ಣದಲ್ಲ. ಊರಿನ ಮಕ್ಕಳ ಶಿಕ್ಷಣಕ್ಕೆ ಹಣ ಕೂಡಿಸುವ ಆಶಾ ಫಾರ್ ಎಜುಕೇಷನ್ ಸಂಸ್ಥೆಯ ಓಟದ ತಂಡದಿಂದ ಮ್ಯಾರಥಾನ್ ಕಲಿತವರು ನೂರಾರು ಮಂದಿ. ನಾನೂ ಅಲ್ಲಿಂದಲೇ ಬಂದವನು. ಡಾಂಬರು ರಸ್ತೆಯಲ್ಲಿ ನಾಲ್ಕು ಮ್ಯಾರಥಾನ್ ಓಡಿ ಬೇಸರವಾದ ಮೇಲೆ ಮಣ್ಣಿನ ದಾರಿಗೆ ಇಳಿದೆ. ಮಣ್ಣಿನಲ್ಲಿ ಓಡುವವರಿಗೆ ಒಂದು ಅನುಕೂಲ ಇದೆ. ಏರು ಬಂದಾಗ ನಡೆದರೆ ಯಾರೂ ನಗುವುದಿಲ್ಲ, ಎಲ್ಲರೂ ನಡೆಯುತ್ತಿರುತ್ತಾರೆ.

ಮನೆಯವರ ಆತಂಕಕ್ಕೆ ಒಂದು ಮಾತು. ಇಂಥ ಓಟದಲ್ಲಿ ಯಾರನ್ನೂ ಕಾಡುಪಾಲು ಮಾಡುವುದಿಲ್ಲ. ಎದೆಗೆ ನಂಬರ್ ಇರುತ್ತದೆ. ಮನೆಯವರ ಫೋನ್ ನಂಬರನ್ನು ಮೊದಲೇ ಬರೆಸಿಕೊಂಡಿರುತ್ತಾರೆ. ಎಂಟು ಹತ್ತು ಕಿಲೊಮೀಟರಿಗೊಂದು ಕಡೆ ಟೆಂಟ್ ಹಾಕಿ ನೀರು, ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆ, ಕಲ್ಲಂಗಡಿ, ಕೋಲಾ ಇಟ್ಟುಕೊಂಡು ಸ್ವಯಂಸೇವಕರು ಕಾಯುತ್ತಾರೆ. ಯಾವ ನಂಬರ್ ಬಂತು, ಯಾವುದು ಬರಲಿಲ್ಲ ಎಂದು ಬರೆದುಕೊಳ್ಳುತ್ತಾರೆ. ಎಲ್ಲರಿಗಿಂತ ಹಿಂದೆ ಇಬ್ಬರು ದಾರಿಯ ಗುರುತುಪಟ್ಟಿಗಳನ್ನು ಬಿಚ್ಚುತ್ತಾ ಬರುತ್ತಾರೆ. ಹೊತ್ತಿಗೆ ಸರಿಯಾಗಿ ಟೆಂಟ್ ತಲುಪದವರನ್ನು ಅಲ್ಲೇ ನಿಲ್ಲಿಸಿ ಕಾರಿನಲ್ಲಿ ಕೂರಿಸುತ್ತಾರೆ. ನನಗೆ ಭಯ ಇದ್ದದ್ದು ಆ ಕಾರಿನದ್ದೇ. ಒಟ್ಟು 9 ಗಂಟೆ ಕೊಟ್ಟಿದ್ದರು. ಸುಮಾರು 34ನೇ ಕಿಲೊಮೀಟರಿನ ಟೆಂಟನ್ನು ಮಧ್ಯಾಹ್ನ 1 ಗಂಟೆಯೊಳಗೆ ದಾಟಬೇಕಿತ್ತು.

ಮಂಜಿನೊಳಗೆ

ರೋಡಿಯೊ ಬೀಚ್‌ನಿಂದ ಬೆಳಿಗ್ಗೆ 7 ಗಂಟೆಗೆ ಹೊರಟೆವು. ಊರಿನಲ್ಲಿ ಆಗ ಸಂಜೆ ಏಳೂವರೆ. ಆ ಬೀಚಿನಲ್ಲಿ ಮರಳಿಗಿಂತ ಬಣ್ಣದ ಹರಳುಗಲ್ಲುಗಳೇ ಹೆಚ್ಚು. ಕೆಂಪು, ಹಸಿರು, ಕಂದು. ಸುತ್ತಲಿನ ಗುಡ್ಡಗಳ ಕೆಂಪು ಬಂಡೆ ಪದರಪದರವಾಗಿದೆ, ಪುಸ್ತಕಗಳನ್ನು ಅಡ್ಡಡ್ಡ ಪೇರಿಸಿದ ಹಾಗೆ. ಸಾಗರದ ತಳದಲ್ಲಿ ಕೋಟ್ಯಂತರ ವರ್ಷ ಬಿದ್ದ ಸೂಕ್ಷ್ಮಜೀವಿಗಳ ಚಿಪ್ಪಿನಿಂದ ಆದ ಬಂಡೆ ಅದು. ಓಡುವವರಿಗೆ ಇದರಿಂದ ಒಂದೇ ತೊಂದರೆ: ಇಳಿಜಾರಿನಲ್ಲಿ ಅದರ ಚೂರುಗಳ ಮೇಲೆ ಕಾಲಿಟ್ಟರೆ ಗೋಲಿ ಮೇಲೆ ಇಟ್ಟ ಹಾಗೆ.

ಮೊದಲ ಏರು ಹಿಲ್ 88. ಶೀತಲ ಸಮರದ ಕಾಲದಲ್ಲಿ ರಷ್ಯಾದ ವಿಮಾನಗಳನ್ನು ಹೊಡೆಯಲು ಇಲ್ಲಿ ನೈಕಿ ಕ್ಷಿಪಣಿಗಳನ್ನು ಇಟ್ಟಿದ್ದರು. ಕೆಳಗಿನ ನೆಲೆ 1954ರಿಂದ 1974ರವರೆಗೆ ಕೆಲಸ ಮಾಡಿತ್ತು. ಮೇಲಿನ ರೇಡಾರ್ ಕಟ್ಟಡಗಳು ಈಗ ಪಾಳುಬಿದ್ದು, ಗೋಡೆ ತುಂಬ ಬಣ್ಣದ ಗೀಚುಗಳು. ಬಿಸಿಲಿದ್ದರೆ ಅಲ್ಲಿಂದ ಸೇತುವೆ, ಶಹರ, ಸಾಗರ ಎಲ್ಲ ಕಾಣುತ್ತದೆ. ನಮಗೆ ಮುಂದಿನವನ ಬೆನ್ನೂ ಕಾಣುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಬೇಸಿಗೆ ಎಂದರೆ ಈ ಕರಾವಳಿಯಲ್ಲಿ ಮಂಜು. ಒಳನಾಡು ಕಾದಷ್ಟೂ ತಣ್ಣನೆಯ ಸಾಗರದ ಮೇಲಿನ ಮಂಜನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಫ್ರೀಮಾಂಟಿನಲ್ಲಿ ಫ್ಯಾನ್ ಹಾಕಿ ಮಲಗಿದವನು ಇಲ್ಲಿ ಕೈಗವಸು ಹಾಕಿ ಓಡುತ್ತಿದ್ದೆ. ಹುಬ್ಬಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಆಗುಂಬೆಯ ಜುಲೈ ನೆನಪಾಯಿತು. ಆದರೆ ಇಲ್ಲಿ ಒಣಹುಲ್ಲು, ಕಪ್ಪೆಯ ಸದ್ದಿಲ್ಲ. ಎಲ್ಲೋ ಕೆಳಗೆ ಹಡಗುಗಳಿಗೆ ದಾರಿ ಹೇಳುವ ಮಂಜುಕಹಳೆ ಮಾತ್ರ ಎಮ್ಮೆಯ ಹಾಗೆ ಕೂಗುತ್ತಿತ್ತು.

ಈ ಮಂಜಿನ ಕಥೆಗಳು ಇಲ್ಲಿ ಬೇಕಾದಷ್ಟಿವೆ. ಪಾಯಿಂಟ್ ಬೊನೀಟಾದ ದೀಪಸ್ತಂಭವನ್ನು 1855ರಲ್ಲಿ ಎತ್ತರದಲ್ಲಿ ಕಟ್ಟಿದರು. ಎತ್ತರವಾದದ್ದೇ ತಪ್ಪಾಯಿತು. ಮಂಜು ಅದನ್ನೇ ಮುಚ್ಚಿಬಿಡುತ್ತಿತ್ತು, ಕೆಳಗಿನ ಹಡಗಿಗೆ ಬೆಳಕು ಕಾಣುತ್ತಿರಲಿಲ್ಲ. 1877ರಲ್ಲಿ ಕೆಳಗಿನ ಬಂಡೆಗೆ ಇಳಿಸಿದರು. ಅದಕ್ಕೂ ಮೊದಲು, 1853ರ ಮಾರ್ಚ್‌ನಲ್ಲಿ, ಚಿನ್ನದ ಆಸೆಗೆ ಹೊರಟ ಜನರನ್ನು ಹೊತ್ತ ಟೆನ್ನೆಸ್ಸಿ ಎಂಬ ಹಡಗು ಮಂಜಿನಲ್ಲಿ ಗೋಲ್ಡನ್ ಗೇಟ್ ದಾಟಿ ಮುಂದೆ ಬಂದು ಇಲ್ಲಿನ ಕೊಲ್ಲಿಯ ಮರಳಿಗೆ ಹತ್ತಿತು. ಹಡಗು ನುಚ್ಚುನೂರಾಯಿತು. ಪ್ರಯಾಣಿಕರೆಲ್ಲ ಬದುಕಿದರು. ಆ ಕಣಿವೆಗೆ ಈಗಲೂ ಟೆನ್ನೆಸ್ಸಿ ವ್ಯಾಲಿ ಎಂದೇ ಹೆಸರು. ನಾನು 1 ಗಂಟೆಯೊಳಗೆ ದಾಟಬೇಕಾದ ಟೆಂಟ್ ಇದ್ದದ್ದೂ ಅಲ್ಲೇ.

ಮೊದಲ ಸಲ ಆ ಕಣಿವೆ ದಾಟುವಾಗ ಚೆನ್ನಾಗಿಯೇ ಇದ್ದೆ. ಮುಂದೆ ದಾರಿ ಕಡಲಂಚಿನ ಕಡಿದಾದ ಗುಡ್ಡಕ್ಕೆ ಹತ್ತಿ, ಪೈರೇಟ್ಸ್ ಕೋವ್ ಎಂಬ ಪುಟ್ಟ ಕೊಲ್ಲಿಯತ್ತ ಇಳಿಯುತ್ತದೆ. ಒಂದು ಕಾಲಿಡುವಷ್ಟೇ ಅಗಲ. ಎಡಕ್ಕೆ ನೋಡಿದರೆ ನೊರೆ. ಬಲಕ್ಕೆ ಪಾಯ್ಸನ್ ಓಕ್ ಪೊದೆ, ಆಗಸ್ಟ್ ಆದ್ದರಿಂದ ಎಲೆಯೆಲ್ಲ ಕೆಂಪಾಗತೊಡಗಿತ್ತು. ಮೂರೆಲೆಯ ಗೊಂಚಲು ಕಂಡರೆ ಮುಟ್ಟಬೇಡ ಎಂದು ಇಲ್ಲಿ ಶಾಲೆಯ ಮಕ್ಕಳಿಗೂ ಕಲಿಸುತ್ತಾರೆ. ನಮ್ಮ ಗೇರು, ಕೇರು ಮರಗಳ ಕುಟುಂಬಕ್ಕೇ ಸೇರಿದ ಗಿಡ. ಸೊನೆ ತಾಗಿದರೆ ವಾರಗಟ್ಟಲೆ ಬೊಕ್ಕೆ, ತುರಿಕೆ. ಕೊಲ್ಲಿಯಿಂದ ಮೇಲಕ್ಕೆ ಕಡಿದಾದ ಮೆಟ್ಟಿಲು. ಆ ಮೆಟ್ಟಿಲಿನಲ್ಲಿ ನನ್ನ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು.

ಮ್ಯೂರ್ ಬೀಚ್ ತಲುಪುವಷ್ಟರಲ್ಲಿ ಲೆಕ್ಕಾಚಾರ ಶುರುವಾಗಿತ್ತು. ಇನ್ನು ಎಷ್ಟು ಕಿಲೊಮೀಟರ್, ಎಷ್ಟು ನಿಮಿಷ. ಆಮೇಲೆ ಅದೇ ಲೆಕ್ಕ ಜಾರಿ ಇನ್ನೊಂದಕ್ಕೆ ಹೋಯಿತು. 60ರಲ್ಲಿ 39 ಹೋದರೆ 21. ಮುಂದಿನ ವಾರ ಎರಡು ಇಂಟರ್‌ವ್ಯೂ. ಉತ್ತರ ಹೇಳಲು ಅವರಿಗೆ ಹತ್ತು ದಿನ. ವಕೀಲರ ಕಾಗದಪತ್ರಕ್ಕೆ ಒಂದು ವಾರ. ಉಳಿಯುವುದು ನಾಲ್ಕು ದಿನ. ಮಗನ ಶಾಲೆ ಶುರುವಾಗುವುದು ಯಾವಾಗ? ಮೂರು ಜನಕ್ಕೆ ಬೆಂಗಳೂರಿನ ಟಿಕೆಟ್ ಎಷ್ಟು? ಕುಂಟುತ್ತಾ ಕಾಯೋಟಿ ರಿಜ್‌ನ ಏರು ಹತ್ತುತ್ತಿದ್ದೆ. ಕಾಲು ಮತ್ತೆ ಹಿಡಿದಾಗ ಬಾಯಿಂದ “ಅಯ್ಯಮ್ಮಾ” ಎಂದು ಬಂತು.

“ಕನ್ನಡದವ್ರೇನ್ರಿ?”

ಹಿಂದಿನಿಂದ ಬಂದ ಧ್ವನಿ. ಎರಡು ಊರುಗೋಲು ಹಿಡಿದು, ತಲೆಗೆ ಹಳದಿ ಟೋಪಿ ಹಾಕಿದ, ಐವತ್ತೆಂಟರ ಆಸುಪಾಸಿನ ಹೆಣ್ಣುಮಗಳು. ಧಾರವಾಡದವರು. ಅಷ್ಟು ಹೊತ್ತು ಯಾವ ಭಾಷೆಯಲ್ಲೂ ಮಾತಾಡದೆ ಇದ್ದವನಿಗೆ ಆ ಮಂಜಿನಲ್ಲಿ ಧಾರವಾಡದ ಕನ್ನಡ ಕೇಳಿ ಏನಾಯಿತೆಂದು ಬರೆಯುವುದು ಕಷ್ಟ. ಅಕ್ಕಾ ಎಂದೆ. ಅವರು ಸೊಂಟದ ಚೀಲದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಶೇಂಗಾ ಹೋಳಿಗೆ ತೆಗೆದು ಅರ್ಧ ಮುರಿದು ಕೊಟ್ಟರು. “ಆ ಜೆಲ್ಲು ಪಲ್ಲು ಏನೂ ತಿನ್ನಬ್ಯಾಡ್ರಿ. ಬೆಲ್ಲ ಅದ, ಶೇಂಗಾ ಅದ, ಎಳ್ಳ ಅದ. ಇನ್ನೇನ ಬೇಕು? ಮ್ಯಾಲ ಒಂದು ಚಿಟಿಕಿ ಉಪ್ಪು ನೆಕ್ರಿ.”

ನಾವು ಮಲೆನಾಡಿನವರು ಬಹಳ ಬೇಗ ಬಾಯಿಬಿಡುವವರಲ್ಲ. ಆದರೆ ಗುಡ್ಡ ಹತ್ತುವಾಗ ಮುಖ ನೋಡಿ ಮಾತಾಡಬೇಕಾಗಿಲ್ಲ, ಅದೇ ಅನುಕೂಲ. ಎರಡು ತಿರುವು ಕಳೆಯುವಷ್ಟರಲ್ಲಿ ನನ್ನ 39ನೇ ದಿನದ ವಿಷಯ ಹೇಳಿಬಿಟ್ಟಿದ್ದೆ. ಮನೆಯ ಹೊರಗೆ ಹಾಗೆ ಪೂರಾ ಹೇಳಿದ್ದು ಅದೇ ಮೊದಲು.

ಅವರು ಗಾಬರಿಯಾಗಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. “2001ರಾಗ ನಮ್ಮ ಮನಿಯವರ್ದು ಹೋಗಿತ್ತು. ಆವಾಗ ಈ ಅರವತ್ತ ದಿನಾನೂ ಇರ್ಲಿಲ್ರಿ” ಎಂದರು. ಅದು ನಿಜ. 60 ದಿನಗಳ ಈ ಅವಕಾಶ ಬಂದದ್ದು 2017ರ ಜನವರಿಯಿಂದ. “ಹೊಳ್ಳಿ ಹೋದ್ವಿ. ಎರಡ ವರ್ಷ ಧಾರವಾಡದಾಗ ಇದ್ವಿ. ಮಂದಿ ಏನೇನೋ ಅಂದ್ರು, ಅಂದು ಅಂದು ಅವ್ರಿಗೇ ಬ್ಯಾಸರಾತು. ಮಗಳು ಅಲ್ಲೇ ಸಾಲಿಗೆ ಹೋದ್ಲು, ಕನ್ನಡ ಬರೀಲಿಕ್ಕೆ ಕಲ್ತದ್ದು ಆವಾಗನ. ಆಮ್ಯಾಲೆ ಮತ್ತ ಬಂದ್ವಿ.” ಸ್ವಲ್ಪ ದೂರ ಸುಮ್ಮನೆ ನಡೆದು, “ಅವ್ವಗ ಹೇಳೀರೇನ್ರಿ?” ಎಂದು ಕೇಳಿದರು.

ಇಲ್ಲ ಎಂದೆ.

“ಹೇಳ್ರಿ. ಅವ್ರಿಗೆ ಗೊತ್ತಾಗಿರ್ತದ.”

ಕಟ್ಟದೇ ಉಳಿದ ಊರು

ಟೆನ್ನೆಸ್ಸಿ ವ್ಯಾಲಿಯ ಟೆಂಟ್ ಮುಟ್ಟಿದಾಗ 12 ಗಂಟೆ 49 ನಿಮಿಷ. ಹನ್ನೊಂದು ನಿಮಿಷ ಉಳಿದಿತ್ತು. ಅಲ್ಲಿ ಒಂದು ಮಡಿಸುವ ಕುರ್ಚಿ ಇತ್ತು. ಅದರಲ್ಲಿ ಕೂತವರು ಏಳುವುದಿಲ್ಲ ಎಂಬುದು ಓಡುವವರಿಗೆಲ್ಲ ಗೊತ್ತು. ನಾನು ಕೂತೆ. ಸ್ವಯಂಸೇವಕ ಹುಡುಗ ಮುಂದೆ ಹೋಗುತ್ತೀರಾ, ಇಲ್ಲೇ ನಿಲ್ಲಿಸುತ್ತೀರಾ ಎಂದು ಪೆನ್ ಹಿಡಿದು ಕೇಳಿದ. ಅಕ್ಕ ಬಾಟಲಿಗೆ ನೀರು ತುಂಬಿಸಿಕೊಂಡು, ನನ್ನತ್ತ ನೋಡದೆ, “ಏಳ್ರಿ, ತಂಪಾದ್ರ ಕಾಲು ಇನ್ನಷ್ಟು ಬಿಗೀತಾವ” ಎಂದು ಹೊರಟರು. ನಾನೂ ಎದ್ದೆ. ಅದರಲ್ಲಿ ವೀರಾವೇಶ ಏನೂ ಇರಲಿಲ್ಲ. ಕಾರಿನಲ್ಲಿ ಕೂತರೆ ಮತ್ತೆ ಆ 21ರ ಲೆಕ್ಕ ಶುರುವಾಗುತ್ತಿತ್ತು, ಅಷ್ಟೇ.

ಅಲ್ಲಿಂದ ಮೇಲಕ್ಕೆ ಹೋಗುವ ಅಗಲವಾದ ದಾರಿಯ ಹೆಸರು ಮರಿಂಚೆಲ್ಲೊ. 1964ರಲ್ಲಿ ಥಾಮಸ್ ಫ್ರೌಜ್ ಎಂಬ ಬಿಲ್ಡರ್, ಗಲ್ಫ್ ಆಯಿಲ್ ಕಂಪನಿಯ ದುಡ್ಡಿನಲ್ಲಿ, ಈ ಗುಡ್ಡಗಳ ಮೇಲೆ 30,000 ಜನರಿಗೆ ಒಂದು ಶಹರವನ್ನೇ ಕಟ್ಟಲು ಹೊರಟಿದ್ದ. ಬಹುಮಹಡಿ ಕಟ್ಟಡಗಳು, ಹೋಟೆಲು ಎಲ್ಲ ನಕ್ಷೆಯಲ್ಲಿ ಇದ್ದವು. ಹೆಬ್ಬಾಗಿಲನ್ನೂ ಕಟ್ಟಿದರು, ರಸ್ತೆಯನ್ನೂ ಕಡಿದರು. ಸ್ಥಳೀಯರು ಕೋರ್ಟಿಗೆ ಹೋದರು, ಕಂಪನಿಗೂ ಬಿಲ್ಡರಿಗೂ ಜಗಳವಾಯಿತು, ಆತ ತೀರಿಕೊಂಡ. ಕೊನೆಗೆ 1972ರಲ್ಲಿ ನೇಚರ್ ಕನ್ಸರ್ವೆನ್ಸಿ ಸಂಸ್ಥೆ ಜಾಗವನ್ನು ಕೊಂಡಿತು, ಅದು ಉದ್ಯಾನಕ್ಕೆ ಸೇರಿತು. ಶಹರಕ್ಕೆಂದು ಕಡಿದ ರಸ್ತೆಯಲ್ಲಿ ಈಗ ನಮ್ಮಂಥವರು ಏದುಸಿರು ಬಿಡುತ್ತಾ ಹತ್ತುತ್ತಾರೆ. ನಮ್ಮೂರ ಕಡೆ ಗುಡ್ಡ ಕಡಿದು ಸೈಟ್ ಮಾಡುವುದನ್ನು ನೋಡಿದಾಗಲೆಲ್ಲ ನನಗೆ ಈ ರಸ್ತೆ ನೆನಪಾಗುತ್ತದೆ.

ಅರ್ಧ ಏರಿನಲ್ಲಿ ಅಕ್ಕ ಮುಂದೆ ಹೋದರು. ಹಳದಿ ಟೋಪಿ ಸ್ವಲ್ಪ ಹೊತ್ತು ಕಂಡು ಮಂಜಿನಲ್ಲಿ ಕರಗಿತು. ಕೊನೆಯ ದೊಡ್ಡ ತಿರುವಿನಲ್ಲಿ ದಾರಿ ಗೋಲ್ಡನ್ ಗೇಟ್ ಸೇತುವೆಯ ನೆತ್ತಿಯ ಮೇಲೆ ಬರುತ್ತದೆ. ಮಂಜು ಸೇತುವೆಯನ್ನು ಪೂರಾ ನುಂಗಿತ್ತು. ಎರಡು ಕೆಂಪು ಗೋಪುರಗಳ ತುದಿ ಮಾತ್ರ ಬಿಳಿಯ ಮೇಲೆ ತೇಲುತ್ತಿದ್ದವು. ಕೆಳಗೆ ಕಾರುಗಳ ಸದ್ದು ಇತ್ತು, ಕಾರುಗಳಿರಲಿಲ್ಲ. ಅಲ್ಲಿ ಒಂದು ನಿಮಿಷ ನಿಂತೆ. ನಿಲ್ಲುವಷ್ಟು ಸಮಯ ನನ್ನಲ್ಲಿರಲಿಲ್ಲ.

3 ಗಂಟೆ 51 ನಿಮಿಷಕ್ಕೆ ರೋಡಿಯೊ ಬೀಚ್ ಮುಟ್ಟಿದೆ. ನನ್ನ ಹಿಂದೆ ಇನ್ನು ನಾಲ್ಕು ಜನ ಇದ್ದರು. ಮಗ ಓಡಿ ಬಂದು ಕೈ ಹಿಡಿದ. “ಅಪ್ಪಾ, ಲಾಸ್ಟ್ ಬರಲಿಲ್ಲ!” ಎಂದು ಖುಷಿಪಟ್ಟ. ಅಕ್ಕ ಕಂಬಳಿ ಹೊದ್ದು ಸೂಪ್ ಕುಡಿಯುತ್ತಾ ಕೂತಿದ್ದರು. ಉಳಿದ ಅರ್ಧ ಹೋಳಿಗೆಯನ್ನು ಮಗನಿಗೆ ಕೊಟ್ಟು, ಹೆಂಡತಿಯ ಹತ್ತಿರ ಐದು ನಿಮಿಷ ಮಾತಾಡಿದರು. ಏನು ಮಾತಾಡಿದರೆಂದು ಇಬ್ಬರೂ ನನಗೆ ಹೇಳಿಲ್ಲ.

ಆ ಬೀಚಿನಲ್ಲಿ ಫೋನ್ ಸಿಗ್ನಲ್ ಸಿಗುವುದಿಲ್ಲ. ವಾಪಸ್ ಬರುವ ದಾರಿಯಲ್ಲಿ ಒಂದೇ ಸಾಲು ಕಾರು ಹೋಗುವಷ್ಟು ಕಿರಿದಾದ ಹಳೆಯ ಸುರಂಗ ಇದೆ. ಐದು ನಿಮಿಷ ಆ ಕಡೆಯವರಿಗೆ, ಐದು ನಿಮಿಷ ಈ ಕಡೆಯವರಿಗೆ. ಕೆಂಪು ದೀಪ ಬಿತ್ತು, ಕಾದೆವು. ಆ ಐದು ನಿಮಿಷದಲ್ಲಿ ಹೆಂಡತಿಗೆ, “ಇವತ್ತೇ ಹೇಳಿಬಿಡ್ತೇನೆ” ಎಂದೆ. ಅವಳು ಸ್ಟೇರಿಂಗ್ ಮೇಲಿನ ಕೈ ತೆಗೆಯದೆ ತಲೆಯಾಡಿಸಿದಳು. ಸುರಂಗ ದಾಟಿ ಹೆದ್ದಾರಿ ಹತ್ತಿರ ಬಂದಂತೆ ಫೋನ್ ಒಂದೇ ಸಮನೆ ಗುಂಯ್‌ಗುಟ್ಟಿತು. ಊರಿನಿಂದ ಏಳು ಮಿಸ್ಡ್ ಕಾಲ್.

ಊರಲ್ಲಿ ಬೆಳಗಿನ ಜಾವ ಐದು ದಾಟಿತ್ತು. ಮೊದಲ ರಿಂಗಿಗೇ ಅಮ್ಮ ಎತ್ತಿದರು. ಮಳೆಯ ಸದ್ದಿನಲ್ಲಿ ಅವರ ಮಾತು ಅರ್ಧರ್ಧ ಕೇಳುತ್ತಿತ್ತು. ಮುಗೀತು, ಬೀಳಲಿಲ್ಲ, ಕಾಲು ಸ್ವಲ್ಪ ನೋವು ಎಂದೆ. ಆಮೇಲೆ ಉಸಿರು ಹಿಡಿದು, “ಅಮ್ಮಾ, ಕೆಲಸ ಹೋಗಿ ಒಂದು ತಿಂಗಳು ದಾಟ್ತು” ಎಂದೆ.

ಆ ಕಡೆ ಮಳೆ ಸುರಿಯುತ್ತಲೇ ಇತ್ತು.

“ಗೊತ್ತು ಮಗಾ” ಎಂದರು. “ಮಂಗಳವಾರ, ಬುಧವಾರ ಎಲ್ಲ ಫೋನ್ ಮಾಡ್ತಿದ್ದೆ. ಹಟ್ಟಿಯಲ್ಲಿ ಎಷ್ಟು ದನ ಉಂಟು, ಅಡಿಕೆ ರೇಟು ಎಷ್ಟಾಯ್ತು ಅಂತ ಕೇಳಿದೆ. ಹದಿನೈದು ವರ್ಷದಲ್ಲಿ ನೀ ಅಡಿಕೆ ರೇಟು ಕೇಳಿದವನಾ? ಅವತ್ತೇ ಅಪ್ಪಂಗೆ ಹೇಳಿದೆ. ಅವರು, ಅವನೇ ಹೇಳ್ಲಿ, ನೀನು ಕೇಳಬೇಡ ಅಂದ್ರು.”

ನನಗೆ ಮಾತು ಬರಲಿಲ್ಲ. ಹೊಸ ಕೆಲಸದ ಅರ್ಜಿ ಕೊನೆಗೆ ಹೋದದ್ದು 56ನೇ ದಿನ, ಸಂಬಳ ಮೊದಲಿಗಿಂತ ಕಡಿಮೆ, ಮನೆ ಬದಲಾಯಿಸಬೇಕಾಯಿತು. ಅದೆಲ್ಲ ಆಮೇಲಿನ ಕಥೆ. ಅವತ್ತು ಕಾರಿನಲ್ಲಿ ಅವರು ಹೇಳಿದ್ದು ಇಷ್ಟು:

“ಬರಬೇಕು ಅಂತಾದ್ರೆ ಬನ್ನಿ. ಮೇಲಿನ ಕೋಣೆ ಸೋರ್ತದೆ, ಹಂಚು ಬದಲಿಸಬೇಕು, ಅಷ್ಟೇ. ಕಾಲಿಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕ್ಕೋ. ನಿನ್ನೆಯಿಂದ ಇಲ್ಲಿ ಕರೆಂಟಿಲ್ಲ. ನೀ ಫೋನ್ ಮಾಡಿದ್ರೆ ಬೇಕು ಅಂತ ಚಾರ್ಜ್ ಉಳಿಸಿ ಇಟ್ಟಿದ್ದೆ. ಈಗ ಮುಗೀತಾ ಬಂತು, ಇಡ್ತೇನೆ.”